ಹೊಗೆಯನ್ನು ಚೀಲದಲ್ಲಿ ಕಟ್ಟಿದವರು

ಒಲೆಯ ಹೊಗೆ ಮೇಲಕ್ಕೆ ಹೋಗುತ್ತದೆ. ಹಳೆಯ ಅಡಿಗೆಮನೆಯ ತೊಲೆಗಳಿಗೂ ಗವಾಕ್ಷಿಗೂ ಹಿಡಿದ ಮಸಿಯೇ ಇದಕ್ಕೆ ಸಾಕ್ಷಿ. ಮನುಷ್ಯನು ಬೆಂಕಿ ಹೊತ್ತಿಸಲು ಕಲಿತಂದಿನಿಂದ ಈ ನೋಟವನ್ನು ಕಂಡಿದ್ದಾನೆ, ಕಣ್ಣೊರೆಸಿಕೊಂಡು ಸುಮ್ಮನಾಗಿದ್ದಾನೆ. ಆ ಹೊಗೆಯನ್ನು ಒಂದು ಚೀಲದಲ್ಲಿ ತುಂಬಿದರೆ ಚೀಲವೂ ಅದರೊಡನೆ ಮೇಲೇರಬೇಕಲ್ಲವೆ ಎಂದು ಯೋಚಿಸಿದವರು ವಿರಳ. ಚೀನಾ ದೇಶದವರು ಬಹು ಹಿಂದೆಯೇ ಕಾಗದದ ಗೂಡಿನೊಳಗೆ ದೀಪವಿರಿಸಿ ಆಕಾಶಕ್ಕೆ ಬಿಡುತ್ತಿದ್ದರು. ೧೭೦೯ರಲ್ಲಿ ಗುಸ್ಮಾವೋ ಎಂಬ ಪಾದ್ರಿ ಪೋರ್ಚುಗಲ್ಲಿನ ಅರಸನ ಸಮ್ಮುಖದಲ್ಲಿ ಪುಟ್ಟದೊಂದು ಕಾಗದದ ಬಲೂನನ್ನು ಹಾರಿಸಿ ತೋರಿಸಿದನು. ಆದರೆ ಅವೆರಡೂ ವಿನೋದದ ಮಟ್ಟವನ್ನು ದಾಟಲಿಲ್ಲ. ಮನುಷ್ಯನನ್ನು ಹೊತ್ತು, ನೆಲದ ನಂಟನ್ನು ಕಡಿದುಕೊಂಡು, ಸ್ವತಂತ್ರವಾಗಿ ಆಕಾಶದಲ್ಲಿ ಸಂಚರಿಸುವ ವಾಹನ ಸಿದ್ಧವಾದುದು ಫ್ರಾನ್ಸ್ ದೇಶದಲ್ಲಿ, ೧೭೮೩ನೆಯ ಇಸವಿಯಲ್ಲಿ, ಕಾಗದ ತಯಾರಿಸುವ ಮನೆತನವೊಂದರ ಇಬ್ಬರು ಅಣ್ಣತಮ್ಮಂದಿರ ಕೈಯಲ್ಲಿ.

ಈ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಅಣ್ಣತಮ್ಮಂದಿರು ಮಾಡಿದ ಕೆಲಸ ಸರಿಯಾಗಿತ್ತು. ಅದಕ್ಕೆ ಅವರು ಹೇಳಿಕೊಂಡ ಕಾರಣ ತಪ್ಪಾಗಿತ್ತು. ಆ ಕೆಲಸದ ನಿಜವಾದ ಸೂತ್ರ ಹೊರಬಿದ್ದುದು ಅವರಿಗೆ ಪ್ರತಿಸ್ಪರ್ಧಿಯಾಗಿ ನಿಂತವನ ಪ್ರಯೋಗಶಾಲೆಯಿಂದ. ಇವರ ವಿದ್ಯೆಯನ್ನೂ ಅವನ ವಿದ್ಯೆಯನ್ನೂ ಒಂದುಗೂಡಿಸಲು ಹೊರಟ ಮತ್ತೊಬ್ಬನು ತನ್ನ ಪ್ರಾಣವನ್ನೇ ತೆತ್ತನು.

ಕಾಗದದ ಕಾರ್ಖಾನೆಯ ಸೋದರರು

ದಕ್ಷಿಣ ಫ್ರಾನ್ಸಿನ ಆನೊನೆ ಎಂಬ ಸಣ್ಣ ಪಟ್ಟಣದಲ್ಲಿ ಮಾಂಟ್‌ಗಾಲ್ಫಿಯರ್ ಮನೆತನದವರು ತಲೆಮಾರುಗಳಿಂದ ಕಾಗದ ತಯಾರಿಸುತ್ತಿದ್ದರು. ಮನೆಯ ಯಜಮಾನ ಪಿಯೇರನಿಗೆ ಹದಿನಾರು ಮಂದಿ ಮಕ್ಕಳು. ಅವರಲ್ಲಿ ೧೭೪೦ರಲ್ಲಿ ಹುಟ್ಟಿದ ಜೋಸೆಫ್ ಕನಸುಗಾರ. ಹಣದ ಲೆಕ್ಕ, ಊಟದ ವೇಳೆ ಎರಡೂ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ೧೭೪೫ರಲ್ಲಿ ಹುಟ್ಟಿದ ಎಟಿಯೆನ್ ಅವನಿಗೆ ತದ್ವಿರುದ್ಧ. ವಾಸ್ತುಶಿಲ್ಪವನ್ನು ಕಲಿತು ಬಂದು, ತಂದೆಯ ಕಾರ್ಖಾನೆಯ ಹೊಣೆಯನ್ನು ಹೊತ್ತು, ಅದನ್ನು ಅಚ್ಚುಕಟ್ಟಾಗಿ ನಡೆಸುತ್ತಿದ್ದನು. ಒಬ್ಬನಿಗೆ ಯೋಚನೆ ಹೊಳೆಯುತ್ತಿತ್ತು, ಇನ್ನೊಬ್ಬನು ಅದಕ್ಕೆ ರೂಪ ಕೊಡುತ್ತಿದ್ದನು. ಬಲೂನು ಹುಟ್ಟಲು ಇಬ್ಬರೂ ಬೇಕಾದರು.

೧೭೮೨ರ ನವೆಂಬರ್ ತಿಂಗಳಿನಲ್ಲಿ ಜೋಸೆಫನು ಅವಿನ್ಯೋನ್ ನಗರದಲ್ಲಿದ್ದನು. ಆಗ ಇಂಗ್ಲಿಷರ ವಶದಲ್ಲಿದ್ದ ಜಿಬ್ರಾಲ್ಟರ್ ಕೋಟೆಗೆ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ಸೇನೆ ಮುತ್ತಿಗೆ ಹಾಕಿತ್ತು. ನೆಲದಿಂದಲೂ ನೀರಿನಿಂದಲೂ ಕೋಟೆ ವಶವಾಗದು. ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದ ಜೋಸೆಫನ ಕಣ್ಣು ಮೇಲೇರುತ್ತಿದ್ದ ಕಿಡಿಗಳ ಮೇಲೆಯೂ ಹೊಗೆಯ ಮೇಲೆಯೂ ನೆಟ್ಟಿತೆಂದೂ, ಇದೇ ಶಕ್ತಿಯಿಂದ ಸೈನಿಕರನ್ನು ಗಾಳಿಯ ಮೂಲಕ ಕೋಟೆಯೊಳಕ್ಕೆ ಇಳಿಸಬಾರದೇಕೆ ಎಂಬ ಯೋಚನೆ ಅವನಿಗೆ ಬಂದಿತೆಂದೂ ಹೇಳುತ್ತಾರೆ. ತೆಳುವಾದ ಮರದ ಚೌಕಟ್ಟಿಗೆ ರೇಷ್ಮೆಯ ಬಟ್ಟೆಯನ್ನು ಹೊದಿಸಿ, ತಳವಿಲ್ಲದ ಒಂದು ಪೆಟ್ಟಿಗೆಯನ್ನು ಮಾಡಿ, ಅದರ ಕೆಳಗೆ ಅವನು ಕಾಗದವನ್ನು ಉರಿಸಿದನು. ಪೆಟ್ಟಿಗೆ ಅವನ ಕೈ ಬಿಟ್ಟು ಮೇಲೇರಿ ಕೋಣೆಯ ಮಾಳಿಗೆಗೆ ತಾಗಿತು. ಒಡನೆಯೇ ತಮ್ಮನಿಗೆ ಓಲೆ ಹೋಯಿತು: ರೇಷ್ಮೆ ಬಟ್ಟೆಯನ್ನೂ ಹಗ್ಗವನ್ನೂ ಕೂಡಲೇ ಕೂಡಿಸಿಡಬೇಕು, ಜಗತ್ತೇ ಬೆರಗಾಗುವಂಥ ನೋಟವೊಂದನ್ನು ತೋರಿಸುತ್ತೇನೆ ಎಂಬುದು ಅದರ ತಾತ್ಪರ್ಯ.

ಸೋದರರು ಮೊದಲು ಚಿಕ್ಕ ಗೋಳಗಳನ್ನೂ ಅನಂತರ ದೊಡ್ಡವನ್ನೂ ಮಾಡಿ ಪರೀಕ್ಷಿಸಿದರು. ೧೭೮೩ರ ಜೂನ್ ೪ರಂದು ಆನೊನೆಯ ಚೌಕದಲ್ಲಿ, ಪ್ರಾಂತದ ಪ್ರತಿನಿಧಿ ಸಭೆಯ ಗಣ್ಯರ ಎದುರಿನಲ್ಲಿ, ಬಹಿರಂಗ ಪ್ರದರ್ಶನ ನಡೆಯಿತು. ಗೋಳದ ಅಡ್ಡಳತೆ ಸುಮಾರು ೩೫ ಅಡಿ. ನಾರುಬಟ್ಟೆಯ ಒಳಮೈಗೆ ಕಾಗದವನ್ನು ಅಂಟಿಸಲಾಗಿತ್ತು. ಬಟ್ಟೆಯ ಭಾಗಗಳನ್ನು ಅಂಗಿಗೆ ಗುಂಡಿ ಹಾಕುವಂತೆ ಸುಮಾರು ೧೮೦೦ ಗುಂಡಿಗಳಿಂದ ಜೋಡಿಸಲಾಗಿತ್ತು. ಕೆಳಗೆ ಒಣಹುಲ್ಲು ಮತ್ತು ಉಣ್ಣೆಯ ಬೆಂಕಿ. ಮುದುಡಿ ಬಿದ್ದಿದ್ದ ಬಟ್ಟೆ ನೋಡುನೋಡುತ್ತಿದ್ದಂತೆ ಉಬ್ಬಿ ನಿಂತಿತು. ಹಿಡಿದವರು ಕೈಬಿಟ್ಟರು. ಗೋಳ ಸುಮಾರು ೬೦೦೦ ಅಡಿಗಳವರೆಗೆ ಏರಿತೆಂದು ಅಂದಾಜು ಮಾಡಲಾಯಿತು. ಹತ್ತು ನಿಮಿಷಗಳ ಕಾಲ ಆಕಾಶದಲ್ಲಿದ್ದು, ಒಂದು ಮೈಲಿಗೂ ಹೆಚ್ಚು ದೂರ ಸಾಗಿ, ಅದು ಹೊಲವೊಂದರಲ್ಲಿ ಇಳಿಯಿತು.

ಇಷ್ಟಾದರೂ ಗೋಳವನ್ನು ಎತ್ತಿದ ಶಕ್ತಿ ಯಾವುದೆಂಬುದು ಸೋದರರಿಗೆ ತಿಳಿದಿರಲಿಲ್ಲ. ಹೊಗೆಯಲ್ಲಿ ಮೇಲೇರುವ ಗುಣವುಳ್ಳ ಒಂದು ವಿಶೇಷ ವಾಯು ಇದೆಯೆಂದು ಅವರ ನಂಬಿಕೆ. ಆದುದರಿಂದಲೇ ಉರಿ ಸ್ವಚ್ಛವಾಗಿರುವುದಕ್ಕಿಂತ ಹೊಗೆ ದಟ್ಟವಾಗಿರಬೇಕೆಂದು ಅವರು ಬಯಸುತ್ತಿದ್ದರು. ಒಣಹುಲ್ಲಿನೊಡನೆ ಉಣ್ಣೆಯನ್ನು ಹಾಕುತ್ತಿದ್ದುದೂ ಈ ಉದ್ದೇಶದಿಂದಲೇ. ಬಲೂನು ಹಾರಿತು, ಆದರೆ ಅದು ಹಾರಿದ್ದು ಹೊಗೆಯಿಂದಲ್ಲ, ಹೊಗೆಯ ಜತೆಯಲ್ಲಿದ್ದ ಬಿಸಿಯಿಂದ ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಪ್ಯಾರಿಸಿನ ಪಂಡಿತ

ಆನೊನೆಯ ವಾರ್ತೆ ಪ್ಯಾರಿಸನ್ನು ಮುಟ್ಟಿತು. ಆದರೆ ಗೋಳದೊಳಗೆ ತುಂಬಿದ್ದ ವಾಯು ಯಾವುದೆಂಬುದು ಆ ವಾರ್ತೆಯಲ್ಲಿ ಸ್ಪಷ್ಟವಾಗಿರಲಿಲ್ಲ. ಅಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಜಾಕ್ ಚಾರ್ಲ್ಸ್ ಎಂಬ ವಿದ್ವಾಂಸನು ಅದರ ಗೊಡವೆಗೆ ಹೋಗದೆ ತನ್ನದೇ ದಾರಿಯಲ್ಲಿ ಯೋಚಿಸಿದನು. ಗಾಳಿಗಿಂತ ಹಗುರವಾದ ವಾಯುವಿದ್ದರೆ ತಾನೆ ಗೋಳ ಮೇಲೇರುವುದು? ಅಂಥದೊಂದು ವಾಯುವನ್ನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷನು ೧೭೬೬ರಲ್ಲಿಯೇ ಪರೀಕ್ಷಿಸಿ ವಿವರಿಸಿದ್ದನು. ಕಬ್ಬಿಣದ ಚೂರಿನ ಮೇಲೆ ನೀರು ಬೆರಸಿದ ಗಂಧಕಾಮ್ಲವನ್ನು ಸುರಿದರೆ ಗುಳ್ಳೆಗುಳ್ಳೆಯಾಗಿ ಹೊರಡುವ ಆ ವಾಯುವೇ ಜಲಜನಕ. ಅದು ಗಾಳಿಗಿಂತ ಸುಮಾರು ಹದಿನಾಲ್ಕು ಪಾಲು ಹಗುರ.

ತೊಂದರೆಯಿದ್ದುದು ಅದನ್ನು ಹಿಡಿದಿಡುವುದರಲ್ಲಿ. ಬಟ್ಟೆಯ ನೂಲುಗಳ ಸಂದಿಯಲ್ಲಿ ಜಲಜನಕ ಸುಲಭವಾಗಿ ನುಸುಳಿಹೋಗುತ್ತದೆ. ರಾಬರ್ಟ್ ಸೋದರರೆಂಬ ಇಬ್ಬರು ಕುಶಲಿಗಳು ರಬ್ಬರನ್ನು ಟರ್ಪೆಂಟೈನಿನಲ್ಲಿ ಕರಗಿಸಿ ರೇಷ್ಮೆಗೆ ಬಳಿದು ಆ ಸಂದಿಗಳನ್ನು ಮುಚ್ಚಿದರು. ಖರ್ಚಿಗೆ ನಗರದ ಜನರಿಂದ ಚಂದಾ ಎತ್ತಲಾಯಿತು. ಕೇವಲ ೧೨ ಅಡಿ ಚಿಲ್ಲರೆ ಅಡ್ಡಳತೆಯ ಗೋಳವನ್ನು ತುಂಬಲು ಸುಮಾರು ೧೦೦೦ ಪೌಂಡು ಕಬ್ಬಿಣ, ೫೦೦ ಪೌಂಡು ಗಂಧಕಾಮ್ಲ, ಹಲವು ದಿನಗಳ ಶ್ರಮ ಬೇಕಾದವು.

ಈಗ ಐಫೆಲ್ ಗೋಪುರವಿರುವ ಶಾಂ ದ ಮಾರ್ಸ್ ಮೈದಾನದಿಂದ, ೧೭೮೩ರ ಆಗಸ್ಟ್ ೨೭ರ ಸಾಯಂಕಾಲ ಐದು ಗಂಟೆಗೆ, ಫಿರಂಗಿಯ ಸದ್ದಿನೊಡನೆ ಈ ಗೋಳವನ್ನು ಬಿಡಲಾಯಿತು. ಮಳೆ ಸುರಿಯುತ್ತಿತ್ತು. ಅಂದವಾಗಿ ಉಡುಪು ಧರಿಸಿ ಬಂದಿದ್ದ ಸ್ತ್ರೀಪುರುಷರು ತೊಯ್ದು ತೊಪ್ಪೆಯಾದರೂ ಕದಲದೆ, ಗೋಳ ಮೋಡದಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತರು. ಅಮೆರಿಕದ ಪ್ರತಿನಿಧಿಯಾಗಿ ಆಗ ಫ್ರಾನ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಬಲೂನುಗಳ ಈ ಸಂಭ್ರಮವನ್ನು ಕುತೂಹಲದಿಂದ ಗಮನಿಸುತ್ತಿದ್ದನು. ಇದರಿಂದ ಏನು ಪ್ರಯೋಜನವೆಂದು ಯಾರೋ ಕೇಳಿದಾಗ, ಈಗ ತಾನೇ ಹುಟ್ಟಿದ ಮಗುವಿನಿಂದ ಏನು ಪ್ರಯೋಜನವೆಂದು ಅವನು ಮರುಪ್ರಶ್ನೆ ಹಾಕಿದನೆಂದು ಪ್ರಸಿದ್ಧಿಯಿದೆ.

ಗೋಳವು ಮುಕ್ಕಾಲು ಗಂಟೆ ಹಾರಿ ಗೊನೆಸ್ ಎಂಬ ಹಳ್ಳಿಯ ಬಳಿ ಇಳಿಯಿತು. ಅಲ್ಲಿನ ರೈತರಿಗೆ ಆನೊನೆಯೂ ತಿಳಿಯದು, ಜಲಜನಕವೂ ತಿಳಿಯದು. ಆಕಾಶದಿಂದ ಬಿದ್ದು ಗಾಳಿಗೆ ಹೊಯ್ದಾಡುತ್ತ, ಗಂಧಕದ ದುರ್ವಾಸನೆಯನ್ನು ಬೀರುತ್ತಿದ್ದ ಆ ವಸ್ತು ಅವರ ಕಣ್ಣಿಗೆ ಭೂತವಾಗಿಯೇ ಕಂಡಿತು. ಕವೆಗೋಲುಗಳಿಂದ ಅದನ್ನು ತಿವಿದು, ಹರಿದು, ಕುದುರೆಯ ಬಾಲಕ್ಕೆ ಕಟ್ಟಿ ಎಳೆದಾಡಿದರು. ಇಂಥ ಗೋಳಗಳನ್ನು ಕಂಡು ಯಾರೂ ಹೆದರಬೇಕಾಗಿಲ್ಲವೆಂದು ಸರಕಾರವೇ ಪ್ರಕಟಣೆ ಹೊರಡಿಸಬೇಕಾಯಿತು.

ಕುರಿ, ಬಾತು, ಹುಂಜ

ಇತ್ತ ಎಟಿಯೆನ್ ಸುಮ್ಮನಿರಲಿಲ್ಲ. ಅವನು ಪ್ಯಾರಿಸಿಗೆ ಬಂದು, ಗೋಡೆಗೆ ಅಂಟಿಸುವ ಬಣ್ಣದ ಕಾಗದಗಳನ್ನು ತಯಾರಿಸುತ್ತಿದ್ದ ರೆವೆಯೋನ್ ಎಂಬ ಮಿತ್ರನ ನೆರವಿನಿಂದ ದೊಡ್ಡದೊಂದು ಬಲೂನನ್ನು ಕಟ್ಟಿದನು. ಅದು ಮಳೆಗೆ ಸಿಕ್ಕಿ ಹಾಳಾಯಿತು. ಕೆಲವೇ ದಿನಗಳಲ್ಲಿ ಇನ್ನೊಂದು ಸಿದ್ಧವಾಯಿತು. ನೀಲಿಯ ಮೈ, ಅದರ ಮೇಲೆ ಹೊಂಬಣ್ಣದ ಚಿತ್ತಾರ. ನೋಡುವವರಿಗೆ ಅದೊಂದು ಉತ್ಸವದ ಮಂಟಪದಂತೆ ಕಂಡಿತು.

ಮೇಲಿನ ಗಾಳಿಯಲ್ಲಿ ಪ್ರಾಣಿಗಳು ಬದುಕಿಯಾವೇ ಎಂಬ ಪ್ರಶ್ನೆಗೆ ಆಗ ಯಾರಲ್ಲಿಯೂ ಉತ್ತರವಿರಲಿಲ್ಲ. ೧೭೮೩ರ ಸೆಪ್ಟೆಂಬರ್ ೧೯ರಂದು ವರ್ಸೇಲ್ಸ್ ಅರಮನೆಯ ಮುಂದೆ, ೧೬ನೆಯ ಲೂಯಿ ದೊರೆಯೂ ರಾಣಿ ಮೇರಿ ಆಂಟೊಯ್ನೆಟಳೂ ನೋಡುತ್ತಿದ್ದಂತೆ, ಬಲೂನಿಗೆ ತೂಗುಹಾಕಿದ ಪಂಜರದಲ್ಲಿ ಒಂದು ಕುರಿ, ಒಂದು ಬಾತು, ಒಂದು ಹುಂಜ ಆಕಾಶಕ್ಕೆ ಹೊರಟವು. ಎಂಟು ನಿಮಿಷಗಳ ನಂತರ ಸುಮಾರು ಎರಡು ಮೈಲಿ ದೂರದ ಕಾಡಿನಲ್ಲಿ ಅವು ಇಳಿದವು. ಕುರಿ ಮೇಯುತ್ತಿತ್ತು. ಹುಂಜದ ರೆಕ್ಕೆಗೆ ಗಾಯವಾಗಿತ್ತು. ಎತ್ತರದ ಗಾಳಿಯ ದೋಷವೇ ಇದು ಎಂದು ಪಂಡಿತರು ಚರ್ಚಿಸತೊಡಗಿದರು. ಹೊರಡುವುದಕ್ಕೆ ಮುಂಚೆಯೇ ಕುರಿ ಅದನ್ನು ಒದ್ದಿತ್ತೆಂದು ವಿಚಾರಣೆಯಿಂದ ತಿಳಿದು ಚರ್ಚೆ ನಿಂತಿತು.

ಇನ್ನು ಮನುಷ್ಯನ ಸರದಿ. ಮರಣದಂಡನೆಗೆ ಗುರಿಯಾದ ಇಬ್ಬರು ಕೈದಿಗಳನ್ನು ಕಳುಹಿಸಬೇಕೆಂದು ದೊರೆಯ ಅಭಿಪ್ರಾಯ. ಸತ್ತರೆ ಹೇಗೂ ಸಾಯಬೇಕಾದವರು. ಬದುಕಿ ಬಂದರೆ ಕ್ಷಮಾದಾನ. ಈ ಲೆಕ್ಕವನ್ನು ಒಪ್ಪದ ತರುಣನೊಬ್ಬನಿದ್ದನು. ಅವನೇ ಪಿಲಾತ್ರ ದ ರೋಜಿಯೆ. ವಯಸ್ಸು ೨೯. ಪ್ಯಾರಿಸಿನಲ್ಲಿ ವಿಜ್ಞಾನದ ಸಂಗ್ರಹಾಲಯವೊಂದನ್ನು ನಡೆಸುತ್ತಿದ್ದನು. ಮಾನವಕುಲದಲ್ಲಿ ಮೊದಲು ಆಕಾಶವನ್ನು ಮುಟ್ಟುವ ಗೌರವ ಅಪರಾಧಿಗಳ ಪಾಲಾಗಬೇಕೇ ಎಂಬುದು ಅವನ ಸಂಕಟ. ಸೇನಾಧಿಕಾರಿಯಾದ ದಾರ್ಲಾಂದ್ ಎಂಬ ಸರದಾರನು ಅವನ ಪಕ್ಷ ವಹಿಸಿದನು. ದೊರೆ ಕೊನೆಗೆ ಒಪ್ಪಿದನು.

ಇಪ್ಪತ್ತೈದು ನಿಮಿಷ

ಅಕ್ಟೋಬರ್ ತಿಂಗಳಿನಲ್ಲಿ ಪಿಲಾತ್ರನು ಹಗ್ಗ ಕಟ್ಟಿದ ಬಲೂನಿನಲ್ಲಿ ಕುಳಿತು ಮೇಲೇರುವುದನ್ನೂ ಬೆಂಕಿಯನ್ನು ಹದವಾಗಿ ಉರಿಸುವುದನ್ನೂ ಅಭ್ಯಾಸ ಮಾಡಿದನು. ೧೭೮೩ರ ನವೆಂಬರ್ ೨೧ರಂದು, ಪ್ಯಾರಿಸಿನ ಅಂಚಿನ ಲಾ ಮ್ಯೂಯೆತ್ ಅರಮನೆಯ ತೋಟದಲ್ಲಿ, ಸುಮಾರು ೭೦ ಅಡಿ ಎತ್ತರದ ಬಲೂನು ಸಿದ್ಧವಾಗಿ ನಿಂತಿತ್ತು. ಬೆಳಗಿನ ಗಾಳಿಗೆ ಸಿಕ್ಕಿ ಅದು ಹರಿಯಿತು. ಹೊಲಿಗೆಯ ಹೆಂಗಸರು ಸೂಜಿದಾರಗಳೊಡನೆ ಬಂದು ಅದನ್ನು ಹೊಲಿದುಕೊಟ್ಟರು. ಮಧ್ಯಾಹ್ನ ಎರಡು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಕಟ್ಟು ಬಿಚ್ಚಲಾಯಿತು. ಬಲೂನಿನ ಬಾಯಿಯ ಸುತ್ತ ಕಟ್ಟಿದ ಮೊಗಸಾಲೆಯಂಥ ಜಾಗದಲ್ಲಿ ಒಂದು ಕಡೆ ಪಿಲಾತ್ರ, ಎದುರು ಕಡೆ ದಾರ್ಲಾಂದ್. ನಡುವೆ ಉರಿಯುವ ಬೆಂಕಿ.

ಕೆಳಗಿನ ಜನಸ್ತೋಮ ನಿಶ್ಶಬ್ದವಾಯಿತು. ದಾರ್ಲಾಂದನು ನದಿಯ ತಿರುವುಗಳನ್ನೂ ಪ್ಯಾರಿಸಿನ ಮನೆಗಳನ್ನೂ ನೋಡುತ್ತ ಮೈಮರೆತನು. ಹೀಗೆ ನೋಡುತ್ತ ನಿಂತರೆ ಬೆಂಕಿಗೆ ಹುಲ್ಲು ಹಾಕುವವರಾರು, ಬಲೂನು ಇಳಿಯುತ್ತಿದೆಯಲ್ಲ ಎಂದು ಪಿಲಾತ್ರನು ಗದರಿಸಿದನು. ಇವನು ಹುಲ್ಲು ಹಾಕಿದನು; ಬಲೂನು ಏರಿತು. ಅಷ್ಟರಲ್ಲಿ ಮೇಲಿನಿಂದ ಚಟಪಟ ಸದ್ದು. ಕತ್ತೆತ್ತಿ ನೋಡಿದರೆ ಬಟ್ಟೆಯಲ್ಲಿ ಅಲ್ಲಲ್ಲಿ ತೂತುಗಳು ಬಿದ್ದು ಅವುಗಳ ಅಂಚು ಕೆಂಪಗೆ ಸುಡುತ್ತಿತ್ತು. ಹಗ್ಗಗಳೂ ಒಂದೆರಡು ಕಡಿದಿದ್ದವು. ದಾರ್ಲಾಂದನು ನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಕೈಗೆಟುಕಿದ ಕಡೆಯ ಕಿಡಿಗಳನ್ನು ಆರಿಸಿದನು. ಕೂಡಲೇ ಇಳಿಯೋಣವೆಂದರೆ ಕೆಳಗೆ ಮನೆಗಳ ಮಾಡುಗಳು. ಊರನ್ನು ದಾಟಲೇಬೇಕು. ಮತ್ತೆ ಹುಲ್ಲು, ಮತ್ತೆ ಉರಿ. ಇಪ್ಪತ್ತೈದು ನಿಮಿಷಗಳ ನಂತರ, ಹೊರಟ ಸ್ಥಳದಿಂದ ಐದು ಮೈಲಿಗೂ ಹೆಚ್ಚು ದೂರದಲ್ಲಿ, ಗಾಳಿಗಿರಣಿಗಳ ನಡುವಿನ ಬಯಲಿನಲ್ಲಿ ಇಬ್ಬರೂ ಸುಖವಾಗಿ ಇಳಿದರು. ಪಿಲಾತ್ರನು ಬಿಚ್ಚಿಟ್ಟಿದ್ದ ಮೇಲಂಗಿಯನ್ನು, ಓಡಿಬಂದ ಜನರು ಹರಿದು ತುಂಡುತುಂಡಾಗಿ ನೆನಪಿಗೆಂದು ಹಂಚಿಕೊಂಡರು.

ಹತ್ತೇ ದಿನಗಳಲ್ಲಿ, ಡಿಸೆಂಬರ್ ೧ರಂದು, ಚಾರ್ಲ್ಸನ ಸರದಿ ಬಂದಿತು. ಪ್ಯಾರಿಸಿನ ತ್ವಿಲರೀ ಉದ್ಯಾನದ ಸುತ್ತ ನಗರದ ಅರ್ಧ ಜನರೇ ನೆರೆದಿದ್ದರೆನ್ನುತ್ತಾರೆ. ಹಾರಾಟಕ್ಕೆ ಮುಂಚೆ, ಗಾಳಿಯ ದಿಕ್ಕನ್ನು ತಿಳಿಯಲು ಬಿಡುವ ಚಿಕ್ಕದೊಂದು ಹಸಿರು ಬಲೂನನ್ನು ಚಾರ್ಲ್ಸನು ಮಾಂಟ್‌ಗಾಲ್ಫಿಯರ್ ಸೋದರರಲ್ಲೊಬ್ಬನ ಕೈಗಿತ್ತನು. ಆಕಾಶದ ದಾರಿಯನ್ನು ಮೊದಲು ತೆರೆದವರು ನೀವು ಎಂಬುದನ್ನು ಸ್ಪರ್ಧೆಯ ನಡುವೆಯೂ ಹೀಗೆ ಒಪ್ಪಿಕೊಂಡಂತಾಯಿತು.

ಚಾರ್ಲ್ಸನ ಬಲೂನಿನಲ್ಲಿ ಎಲ್ಲವೂ ಯೋಚಿಸಿ ಮಾಡಿದ್ದೇ. ಗೋಳದ ಮೇಲೆ ಬಲೆ. ಬಲೆಗೆ ತೂಗುಹಾಕಿದ ಬೆತ್ತದ ತೊಟ್ಟಿಲು. ಇಳಿಯಬೇಕಾದಾಗ ಅನಿಲವನ್ನು ಬಿಡಲು ನೆತ್ತಿಯಲ್ಲಿ ಒಂದು ಕವಾಟ. ಏರಬೇಕಾದಾಗ ಹೊರಕ್ಕೆ ಸುರಿಯಲು ಮರಳಿನ ಚೀಲ. ಎತ್ತರವನ್ನು ಅಳೆಯಲು ವಾಯುಭಾರಮಾಪಕ. ಮುಂದೆ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಅನಿಲದ ಬಲೂನುಗಳು ಈ ಮಾದರಿಯನ್ನೇ ಅನುಸರಿಸಿದವು. ಅವನೂ ರಾಬರ್ಟ್ ಸೋದರರಲ್ಲಿ ಒಬ್ಬನೂ ಎರಡು ಗಂಟೆಗಳಿಗೆ ಮಿಕ್ಕಿ ಹಾರಿ ೨೦ ಮೈಲಿಗಿಂತ ದೂರದ ಹಳ್ಳಿಯಲ್ಲಿ ಇಳಿದರು. ಸೂರ್ಯ ಮುಳುಗಿದ್ದನು. ಜತೆಯವನು ಇಳಿದುದರಿಂದ ಹಗುರವಾದ ಬಲೂನು ಚಾರ್ಲ್ಸನೊಬ್ಬನನ್ನೇ ಹೊತ್ತು ಹತ್ತು ನಿಮಿಷಗಳಲ್ಲಿ ಸುಮಾರು ೧೦,೦೦೦ ಅಡಿಗೆ ಏರಿತು. ಮುಳುಗಿದ ಸೂರ್ಯ ಅಲ್ಲಿ ಅವನಿಗೆ ಮತ್ತೆ ಕಾಣಿಸಿದನು. ಒಂದೇ ದಿನದಲ್ಲಿ ಎರಡು ಸೂರ್ಯಾಸ್ತಗಳನ್ನು ಕಂಡ ಮೊದಲ ಮನುಷ್ಯ ತಾನೆಂದು ಅವನು ಹಿಗ್ಗಿದನು. ಆದರೆ ಚಳಿ ಕೊರೆಯುತ್ತಿತ್ತು, ಕಿವಿಯಲ್ಲಿ ಅಸಹ್ಯವಾದ ನೋವು. ಕವಾಟವನ್ನು ತೆರೆದು ಕೆಳಗಿಳಿದನು. ಆಮೇಲೆ ಅವನು ಜನ್ಮದಲ್ಲಿ ಮತ್ತೆ ಬಲೂನನ್ನು ಏರಲಿಲ್ಲ.

ಹೊಗೆಯಲ್ಲ, ಬಿಸಿ

ಬಾವಿಯಿಂದ ನೀರು ಸೇದುವವರಿಗೆ ಒಂದು ಅನುಭವವುಂಟು. ತುಂಬಿದ ಕೊಡ ನೀರಿನೊಳಗಿರುವವರೆಗೆ ಹಗುರ. ನೀರಿನಿಂದ ಮೇಲಕ್ಕೆ ಬಂದೊಡನೆ ಭಾರ. ತಾನು ಆಕ್ರಮಿಸಿದ ಜಾಗದ ನೀರಿನ ತೂಕದಷ್ಟು ಬಲದಿಂದ ವಸ್ತುವನ್ನು ನೀರು ಮೇಲಕ್ಕೆ ಒತ್ತುತ್ತದೆ. ಗಾಳಿಯೂ ಹಾಗೆಯೇ ಮಾಡುತ್ತದೆ. ಸಾಧಾರಣ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು ೧,೨೦೦ ಗ್ರಾಂ. ಅಷ್ಟೇ ಜಾಗವನ್ನು ತುಂಬುವ ಜಲಜನಕ ಕೇವಲ ೮೫ ಗ್ರಾಂ ತೂಗುತ್ತದೆ. ಆದುದರಿಂದ ಒಂದು ಘನ ಮೀಟರ್ ಜಲಜನಕ ಒಂದು ಕಿಲೋಗ್ರಾಂಗೂ ಹೆಚ್ಚು ಭಾರವನ್ನು ಎತ್ತಬಲ್ಲದು. ಗಾಳಿಯನ್ನೇ ನೀರು ಕುದಿಯುವಷ್ಟು ಕಾಯಿಸಿದರೆ ಅದು ಹಿಗ್ಗಿ, ಒಂದು ಘನ ಮೀಟರಿನಲ್ಲಿ ಸುಮಾರು ೯೫೦ ಗ್ರಾಂ ಮಾತ್ರ ಉಳಿಯುತ್ತದೆ. ಎತ್ತುವ ಬಲ ಕಾಲು ಕಿಲೋಗ್ರಾಂ ಅಷ್ಟೆ. ಮಾಂಟ್‌ಗಾಲ್ಫಿಯರ್ ಬಲೂನುಗಳು ಮನೆಗಿಂತ ದೊಡ್ಡವಾಗಿರಬೇಕಾದ ಕಾರಣವಿದು.

ಹೊಗೆಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ ತೋರಿಸಿಕೊಟ್ಟನು. ಚಿಕ್ಕ ಬಲೂನಿನ ಬಾಯೊಳಗೆ ಕೆಂಪಗೆ ಕಾದ ಕಬ್ಬಿಣವನ್ನು ಹಿಡಿದನು. ಹೊಗೆಯ ಎಳೆಯೂ ಇಲ್ಲ. ಆದರೂ ಬಲೂನು ಉಬ್ಬಿತು. ಅಲ್ಲಿಗೆ ಹೊಗೆಯ ವಾದ ಮುಗಿಯಿತು. ಬಿಸಿಯಿಂದ ವಾಯುಗಳು ಹಿಗ್ಗುವ ಪ್ರಮಾಣವನ್ನು ೧೭೮೭ರ ಸುಮಾರಿಗೆ ಪ್ರಯೋಗಗಳಿಂದ ಕಂಡುಕೊಂಡವನು ಬೇರಾರೂ ಅಲ್ಲ, ಜಲಜನಕದ ಪಕ್ಷದ ಚಾರ್ಲ್ಸನೇ. ಅವನು ಅದನ್ನು ಪ್ರಕಟಿಸಲಿಲ್ಲ. ೧೮೦೨ರಲ್ಲಿ ಗೇ-ಲುಸಾಕ್ ಎಂಬ ವಿಜ್ಞಾನಿ ಅದೇ ವಿಷಯವನ್ನು ಸಾಧಿಸಿ ಪ್ರಕಟಿಸಿದಾಗ, ಹಿರಿಯನ ಹೆಸರನ್ನು ಮರೆಯದೆ ಸ್ಮರಿಸಿದನು. ಇಂದು ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡುವ ‘ಚಾರ್ಲ್ಸನ ನಿಯಮ’ ಇದೇ. ಮಾಂಟ್‌ಗಾಲ್ಫಿಯರ್ ಸೋದರರ ಬಲೂನು ಏಕೆ ಹಾರಿತೆಂಬುದಕ್ಕೆ ಉತ್ತರವೂ ಇದರಲ್ಲೇ ಇದೆ.

ಮದ್ದಿನ ಪಕ್ಕದಲ್ಲಿ ಒಲೆ

ಬಲೂನಿನ ಹುಚ್ಚು ಯೂರೋಪಿಗೆಲ್ಲ ಹಬ್ಬಿತು. ೧೭೮೪ರ ಜನವರಿ ೧೯ರಂದು ಜೋಸೆಫ್ ಮಾಂಟ್‌ಗಾಲ್ಫಿಯರನೂ ಲಿಯೋನ್ ನಗರದಲ್ಲಿ, ಏಳು ಜನರನ್ನು ಹೊತ್ತ ಭಾರಿ ಬಲೂನಿನಲ್ಲಿ ಒಮ್ಮೆ ಹಾರಿ ಬಂದನು. ಅದೇ ವರ್ಷದ ಜೂನ್ ೪ರಂದು ಅದೇ ನಗರದಿಂದ ಎಲಿಸಬೆತ್ ತೀಬ್ಲ್ ಎಂಬಾಕೆ ಹಾರಿ, ಸ್ವತಂತ್ರ ಬಲೂನನ್ನೇರಿದ ಮೊದಲ ಸ್ತ್ರೀ ಎನಿಸಿದಳು. ೧೭೮೫ರ ಜನವರಿ ೭ರಂದು ಬ್ಲಾಂಷಾರ್ ಎಂಬ ಫ್ರೆಂಚನೂ ಜೆಫ್ರೀಸ್ ಎಂಬ ಅಮೆರಿಕದ ವೈದ್ಯನೂ ಜಲಜನಕದ ಬಲೂನಿನಲ್ಲಿ ಇಂಗ್ಲೆಂಡಿನ ಡೋವರಿನಿಂದ ಹೊರಟು ಕಡಲ್ಗಾಲುವೆಯನ್ನು ದಾಟಿದರು. ನಡುದಾರಿಯಲ್ಲಿ ಬಲೂನು ಇಳಿಯತೊಡಗಿದಾಗ ಮರಳು, ಲಂಗರು, ಅಲಂಕಾರ ಎಲ್ಲವನ್ನೂ ಎಸೆದು, ಕೊನೆಗೆ ಮೈಮೇಲಿನ ಕೋಟು ಷರಾಯಿಗಳನ್ನೂ ಕಡಲಿಗೆ ಅರ್ಪಿಸಿ, ಜನವರಿಯ ಚಳಿಯಲ್ಲಿ ನಡುಗುತ್ತ ಫ್ರಾನ್ಸಿನ ಕಾಡಿನಲ್ಲಿ ಇಳಿದರು.

ಫ್ರಾನ್ಸಿನಿಂದ ಇಂಗ್ಲೆಂಡಿಗೆ ಹಾರುವ ಸಾಹಸ ಇನ್ನೂ ಉಳಿದಿತ್ತು. ಅಲ್ಲಿ ಬೀಸುವ ಗಾಳಿ ಬಹುಮಟ್ಟಿಗೆ ಎದುರಾಗಿಯೇ ಇರುವುದರಿಂದ ಅದು ಹೆಚ್ಚು ಕಷ್ಟ. ಪಿಲಾತ್ರನು ಅದಕ್ಕೆ ಕೈಹಾಕಿದನು. ಬಲೂನಿನ ಎರಡು ಜಾತಿಗಳ ಕೊರತೆಯೂ ಅವನಿಗೆ ಚೆನ್ನಾಗಿ ತಿಳಿದಿತ್ತು. ಬಿಸಿಗಾಳಿಯ ಬಲೂನಿಗೆ ಮಣಗಟ್ಟಲೆ ಹುಲ್ಲು ಬೇಕು. ಬಹು ದೂರ ಸಾಗದು. ಜಲಜನಕದ ಬಲೂನು ಇಳಿಯಬೇಕಾದರೆ ಅನಿಲವನ್ನು ಕಳೆದುಕೊಳ್ಳಬೇಕು, ಏರಬೇಕಾದರೆ ಮರಳನ್ನು ಕಳೆದುಕೊಳ್ಳಬೇಕು. ವರಮಾನವಿಲ್ಲದೆ ಖರ್ಚು ಮಾತ್ರ ಇರುವ ಸಂಸಾರದಂತೆ ಅದು ಬೇಗನೆ ಬರಿದಾಗುತ್ತದೆ. ಎರಡನ್ನೂ ಕೂಡಿಸಿದರೆ? ಮೇಲೆ ಜಲಜನಕದ ಗೋಳ ಭಾರವನ್ನು ಹೊರಲಿ. ಕೆಳಗೆ ಬಿಸಿಗಾಳಿಯ ಕೊಳವೆಯಿದ್ದು, ಉರಿಯನ್ನು ಹೆಚ್ಚಿಸಿದರೆ ಏರಲಿ, ತಗ್ಗಿಸಿದರೆ ಇಳಿಯಲಿ.

ಯೋಚನೆ ಸೊಗಸಾಗಿತ್ತು. ಆದರೆ ಜಲಜನಕವೆಂದರೆ ಕಿಡಿ ಸೋಕಿದರೆ ಹೊತ್ತಿಕೊಳ್ಳುವ ವಾಯು. ಮದ್ದಿನ ಉಗ್ರಾಣದ ಪಕ್ಕದಲ್ಲಿ ಒಲೆ ಹೂಡಿದಂತಾಯಿತು. ಅನುಕೂಲವಾದ ಗಾಳಿಗಾಗಿ ಬೊಲೋನ್ ಎಂಬ ಕಡಲತೀರದ ಊರಿನಲ್ಲಿ ಅವನು ತಿಂಗಳುಗಟ್ಟಲೆ ಕಾದನು. ಕಾದಷ್ಟೂ ಬಲೂನಿನ ಬಟ್ಟೆ ಶಿಥಿಲವಾಗುತ್ತಿತ್ತು. ಅಪಾಯವಿದೆಯೆಂ­ಬುದು ಅವನಿಗೆ ಗೊತ್ತಿರದ ಮಾತಲ್ಲ. ಕೊಟ್ಟ ಮಾತನ್ನೂ ಸರಕಾರದ ಹಣವನ್ನೂ ಹೊತ್ತವನು ಹಿಂದೆಗೆಯುವಂತಿರಲಿಲ್ಲ. ೧೭೮೫ರ ಜೂನ್ ೧೫ರ ಬೆಳಗ್ಗೆ ಅವನೂ ಅವನ ಸಂಗಡಿಗ ಪಿಯೇರ್ ರೊಮೇನನೂ ಮೇಲೇರಿದರು. ಬಲೂನು ಸಮುದ್ರದ ಮೇಲೆ ಸ್ವಲ್ಪ ದೂರ ಸಾಗಿತು. ಗಾಳಿ ತಿರುಗಿ ಅದನ್ನು ಮತ್ತೆ ನೆಲದ ಕಡೆಗೆ ತಳ್ಳಿತು. ಸುಮಾರು ಅರ್ಧ ಗಂಟೆಯಾಗುವಷ್ಟರಲ್ಲಿ ಮೇಲಿನ ಗೋಳ ಥಟ್ಟನೆ ಕುಸಿಯಿತು. ಇಬ್ಬರೂ ಸಾವಿರಕ್ಕೂ ಹೆಚ್ಚು ಅಡಿಗಳ ಎತ್ತರದಿಂದ, ಹೊರಟ ಊರಿನ ಸಮೀಪದಲ್ಲಿಯೇ ನೆಲಕ್ಕಪ್ಪಳಿಸಿ ಅಸುನೀಗಿದರು. ಆಕಾಶಯಾನದಲ್ಲಿ ಹಾರಿದ ಮೊದಲಿಗನೇ ಅದಕ್ಕೆ ಬಲಿಯಾದವರಲ್ಲಿಯೂ ಮೊದಲಿಗನಾದನು. ಅವನಿಗಾಗ ೩೧ ವರ್ಷ.

ಗುಂಟೂರು, ಜಮಖಂಡಿ, ಮತ್ತು ಒಂದು ಹಳದಿ ಗೆರೆ

ಪಿಲಾತ್ರನ ಕಲ್ಪನೆಯಲ್ಲಿ ದೋಷವಿರಲಿಲ್ಲ. ಅವನಿಗೆ ಬೇಕಾಗಿದ್ದುದು ಹಗುರವಾದ, ಆದರೆ ಹೊತ್ತಿಕೊಳ್ಳದ ಒಂದು ವಾಯು. ಅಂಥ ವಾಯುವಿನ ಹೆಸರನ್ನು ಅವನ ಕಾಲದಲ್ಲಿ ಯಾರೂ ಕೇಳಿರಲಿಲ್ಲ. ಅದರ ಸುಳಿವು ದೊರೆತುದು ಸೂರ್ಯನಲ್ಲಿ. ಆ ಸುಳಿವಿನ ಹುಡುಕಾಟ ನಡೆದುದು ಭಾರತದ ನೆಲದಲ್ಲಿ.

೧೮೬೮ರ ಆಗಸ್ಟ್ ೧೮ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ನೆರಳು ಭಾರತವನ್ನು ಹಾಯ್ದು ಹೋಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟನು. ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ತನ್ನ ದೂರದರ್ಶಕವನ್ನು ಹೂಡಿದನು. ಗ್ರಹಣಕಾಲದಲ್ಲಿ ಸೂರ್ಯನ ಅಂಚಿನಿಂದ ಚಿಮ್ಮಿ ಕಾಣುವ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದ ಮೂಲಕ ನೋಡಿದಾಗ ಬಣ್ಣಬಣ್ಣದ ಉಜ್ವಲ ಗೆರೆಗಳು ತೋರಿದವು. ಆ ಜ್ವಾಲೆಗಳ ಬೆಳಕಿನಲ್ಲಿ ಒಂದು ಹಳದಿ ಗೆರೆ. ಅದು ಭೂಮಿಯಲ್ಲಿ ಕಂಡಿರುವ ಯಾವ ಮೂಲವಸ್ತುವಿಗೂ ಹೊಂದದೆಂದು ಇಂಗ್ಲೆಂಡಿನ ಲಾಕ್ಯರ್ ಮುಂದೆ ನಿರ್ಣಯಿಸಿದನು. ಸೂರ್ಯನ ಗ್ರೀಕ್ ಹೆಸರಿನಿಂದಲೇ ಆ ಹೊಸ ವಸ್ತುವಿಗೆ ಹೀಲಿಯಂ ಎಂದು ನಾಮಕರಣವಾಯಿತು. ೧೮೯೫ರಲ್ಲಿ ರಾಮ್ಸೆ ಎಂಬ ವಿಜ್ಞಾನಿ ಅದನ್ನು ಭೂಮಿಯ ಖನಿಜವೊಂದರಲ್ಲಿಯೂ ಕಂಡುಹಿಡಿದನು.

ಜಾನ್ಸೆನನಿಗೂ ಬಲೂನಿಗೂ ಇನ್ನೊಂದು ನಂಟಿದೆ. ೧೮೭೦ರಲ್ಲಿ ಜರ್ಮನ್ ಸೇನೆ ಪ್ಯಾರಿಸನ್ನು ಮುತ್ತಿದಾಗ, ಹೊರಜಗತ್ತಿಗೆ ಜನರನ್ನೂ ಲಕ್ಷಗಟ್ಟಲೆ ಕಾಗದಗಳನ್ನೂ ಸಾಗಿಸಿದುದು ಬಲೂನುಗಳೇ. ಆ ವರ್ಷದ ಡಿಸೆಂಬರ್ ೨ರಂದು ಜಾನ್ಸೆನನು ಬಲೂನೊಂದರಲ್ಲಿ ಕುಳಿತು ಶತ್ರುಗಳ ತಲೆಯ ಮೇಲಿಂದಲೇ ತಪ್ಪಿಸಿಕೊಂಡನು. ಓಡಿದುದು ಪ್ರಾಣಭಯದಿಂದಲ್ಲ, ಆಫ್ರಿಕದ ತೀರದಲ್ಲಿ ಕಾಣಲಿದ್ದ ಇನ್ನೊಂದು ಗ್ರಹಣವನ್ನು ನೋಡುವುದಕ್ಕಾಗಿ! ಅಷ್ಟು ದೂರ ಹೋದವನಿಗೆ ಆ ದಿನ ಮೋಡ ಮುಸುಕಿ ಗ್ರಹಣವೇ ಕಾಣಿಸಲಿಲ್ಲ.

ಜಲಜನಕಕ್ಕಿಂತ ಹೀಲಿಯಂ ಎರಡರಷ್ಟು ತೂಕವುಳ್ಳದ್ದು. ಆದರೂ ಗಾಳಿಗೆ ಹೋಲಿಸಿದರೆ ಬಹಳ ಹಗುರ. ಎಲ್ಲಕ್ಕಿಂತ ಮಿಗಿಲಾಗಿ, ಅದು ಉರಿಯುವುದಿಲ್ಲ. ಬಿಸಿಗಾಳಿಯ ಬಲೂನಿಗೂ ಮರುಜೀವ ಬಂದಿತು. ಪಿಲಾತ್ರನ ಮರಣದ ನಂತರ ಬಹುಕಾಲ ಹಿಂದೆ ಬಿದ್ದಿದ್ದ ಅದನ್ನು, ೧೯೬೦ರ ಅಕ್ಟೋಬರ್ ೨೨ರಂದು ಅಮೆರಿಕದ ಎಡ್ ಯೋಸ್ಟ್ ಎಂಬಾತನು ನೈಲಾನ್ ಬಟ್ಟೆಯಿಂದ ಮಾಡಿ, ಹುಲ್ಲಿಗೆ ಬದಲಾಗಿ ಪ್ರೊಪೇನ್ ಅನಿಲದ ಒಲೆಯನ್ನಿಟ್ಟು ಹಾರಿಸಿದನು. ಕೂಡಬೇಕಾದ ಎರಡು ವಿದ್ಯೆಗಳೂ ಹೀಗೆ ಪಕ್ವವಾಗಿ ಬಂದು ನಿಂತವು.

೧೯೯೯ರ ಮಾರ್ಚ್ ೧ರಂದು ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವಿನ ಹಳ್ಳಿಯೊಂದರಿಂದ ಬರ್ಟ್ರಾಂಡ್ ಪಿಕಾರ್ ಮತ್ತು ಬ್ರಯನ್ ಜೋನ್ಸ್ ಬಲೂನನ್ನೇರಿ ಹೊರಟರು. ಹಗಲಿನಲ್ಲಿ ಸೂರ್ಯನ ಬಿಸಿಲಿಗೆ ಹೀಲಿಯಂ ಹಿಗ್ಗುತ್ತಿತ್ತು. ರಾತ್ರಿ ಅದು ತಣ್ಣಗಾಗಿ ಕುಗ್ಗತೊಡಗಿದಾಗ ಒಲೆಯನ್ನು ಉರಿಸಿ ಬಲೂನನ್ನು ಎತ್ತಿಹಿಡಿಯುತ್ತಿದ್ದರು. ಎಲ್ಲಿಯೂ ಇಳಿಯದೆ ಭೂಮಂಡಲವನ್ನು ಸುತ್ತಿ, ಸುಮಾರು ಇಪ್ಪತ್ತು ದಿನಗಳ ನಂತರ, ಮಾರ್ಚ್ ೨೧ರಂದು ಈಜಿಪ್ಟಿನ ಮರಳುಗಾಡಿನಲ್ಲಿ ಅವರು ಇಳಿದರು. ಬಲೂನಿನಲ್ಲಿ ತಡೆಯಿಲ್ಲದೆ ಭೂಪ್ರದಕ್ಷಿಣೆ ಮಾಡಿದವರಲ್ಲಿ ಅವರೇ ಮೊದಲಿಗರು.

ಫ್ರೆಂಚರು ಬಿಸಿಗಾಳಿಯ ಬಲೂನನ್ನು ಇಂದಿಗೂ ‘ಮೊಂಗೊಲ್ಫಿಯೇರ್’ ಎಂದು ಕರೆಯುತ್ತಾರೆ. ಅನಿಲದ ಬಲೂನಿಗೆ ಚಾರ್ಲ್ಸನ ಹೆಸರಿನಿಂದ ‘ಶಾರ್ಲಿಯೇರ್’ ಎಂಬ ಹೆಸರು ಬಂದಿದೆ. ಎರಡನ್ನೂ ಕೂಡಿಸಿ ಕಟ್ಟಿದ ಬಲೂನಿಗೂ ಒಂದು ಹೆಸರಿದೆ. ಅದು ‘ರೋಜಿಯೇರ್’. ಬೊಲೋನಿನ ಕಡಲತೀರದಲ್ಲಿ ಬಿದ್ದ ಪಿಲಾತ್ರ ದ ರೋಜಿಯೆಯ ಬಲೂನು, ಅವನು ಮಡಿದ ೨೧೩ ವರ್ಷಗಳ ನಂತರ, ಅವನ ಹೆಸರಿನಲ್ಲಿಯೇ ಕಡಲುಗಳನ್ನು ದಾಟಿ ಜಗತ್ತನ್ನು ಸುತ್ತಿ ಬಂದಿತು.